ಕಂಬದೊಳಗಿನ ಸ್ವರ

ಕರಡಿಗಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಕೂತಲ್ಲಿ ಕೂರುವುದಿಲ್ಲ. ಹೆಂಗಸರು ಒಲೆ ಆರಿಸಿ ಬೀದಿಗೆ ಬರುತ್ತಾರೆ, ಗಂಡಸರು ಇದ್ದೊಂದು ರಸ್ತೆಯನ್ನೇ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಅಳೆಯುತ್ತಾರೆ, ಕೋಳಿಗಳು ಗೂಡಿಗೆ ಹೋಗಲು ಒಲ್ಲೆ ಅನ್ನುತ್ತವೆ. ಏನಾಗುತ್ತಿದೆ ಎಂದು ಕೇಳಿದರೆ ಯಾರಿಗೂ ಹೇಳಲು ಬಾರದು. ಎದೆಯಲ್ಲಿ ಏನೋ ತಿರುವಿದ ಹಾಗೆ, ಬರಬೇಕಾದ ಕೆಟ್ಟ ಸುದ್ದಿ ಇನ್ನೂ ದಾರಿಯಲ್ಲಿದೆಯೇನೋ ಎಂಬ ಹಾಗೆ. ಊರಿನವರು ಅದಕ್ಕೆ ತಳಮಳದ ಹೊತ್ತು ಎಂದು ಹೆಸರಿಟ್ಟಿದ್ದರು. ನನ್ನ ಅತ್ತೆ ಹುಲಿಗೆಮ್ಮ ಆ ಹೊತ್ತಿಗೆ ಮುಂಚೆಯೇ ರೊಟ್ಟಿ ಬಡಿದು ಮುಗಿಸುತ್ತಿದ್ದರು. ತಳಮಳದಲ್ಲಿ ಬಡಿದ ರೊಟ್ಟಿಯ ಅಂಚು ಒಡೆಯುತ್ತದೆ ಎಂದು ಅವರ ನಂಬಿಕೆ. ರೊಟ್ಟಿಯದೇನೂ ತಪ್ಪಿಲ್ಲ ಅತ್ತೆ, ನಿಮ್ಮ ಕೈ ನಡುಗುತ್ತದೆ ಎಂದು ನಾನು ಹೇಳಿದರೆ, ಓದಿದವರ ಬುದ್ಧಿ ಇಷ್ಟೇ ಎಂಬಂತೆ ನನ್ನನ್ನು ನೋಡುತ್ತಿದ್ದರು.

ಊರು ಈ ತಳಮಳಕ್ಕೆ ಒಗ್ಗಿಕೊಂಡ ಬಗೆ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಈರಣ್ಣನ ಗುಡಿಯ ಸಂಜೆ ಭಜನೆ ಮಧ್ಯಾಹ್ನಕ್ಕೆ ಬಂತು. ಮಕ್ಕಳ ಟ್ಯೂಷನ್ ಬೆಳಗಿನ ಜಾವಕ್ಕೆ ಹೋಯಿತು. ಸಂಜೆ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡ ಎರಡು ಮನೆಗಳಲ್ಲಿ ಮಾತಿಗೆ ಮಾತು ಬೆಳೆದು ಸಂಬಂಧವೇ ಮುರಿದುಬಿತ್ತು, ಅಲ್ಲಿಂದ ಯಾರೂ ಬೀಗರನ್ನು ಸಂಜೆ ಕರೆಯಲಿಲ್ಲ. ಕಂಪನಿಯ ಡಾಕ್ಟರು ಬಂದು ಎಲ್ಲರ ರಕ್ತ ತೆಗೆದುಕೊಂಡು, ಎಲ್ಲ ಸರಿಯಿದೆ ಎಂದು ಹೇಳಿ, ನಿದ್ದೆ ಮಾತ್ರೆ ಹಂಚಿ ಹೋದರು. ನಾನೂ ನನ್ನ ಗಂಡ ಹನುಮೇಶನೂ ದಿನಾ ಅದೇ ಹೊತ್ತಿಗೆ ಜಗಳವಾಡಿ, ಆಮೇಲೆ ಯಾತಕ್ಕೆ ಜಗಳವಾಡಿದೆವು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಮಗಳ ಸಂಕಟ ಮಾತ್ರ ತಡೆಯಲಾಗುತ್ತಿರಲಿಲ್ಲ. ಶಾಂಭವಿ ಇನ್ನೂ ತೊಟ್ಟಿಲ ಕೂಸು. ಸಂಜೆಯಾದರೆ ಕುಡಿದ ಹಾಲನ್ನೆಲ್ಲ ಕಕ್ಕಿ, ಅಳಲೂ ಆಗದೆ ಕಣ್ಣು ಅಗಲಿಸಿ ಸೂರನ್ನೇ ನೋಡುತ್ತಿತ್ತು. ದಿನದಿಂದ ದಿನಕ್ಕೆ ಕೂಸಿನ ತೂಕ ಇಳಿಯುತ್ತಿತ್ತು.

ಇದಕ್ಕೆಲ್ಲ ಕಂಪನಿಯ ಗಾಳಿಯೇ ಕಾರಣ ಎಂದು ಊರು ಹೇಳುತ್ತಿತ್ತು. ಆ ಕಂಪನಿಯ ಸಂಬಳ ತಿನ್ನುವ ಇಂಜಿನಿಯರು ನಾನು. ಬೀದಿಯಲ್ಲಿ ನನ್ನ ಮುಖಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ, ನಾನು ದಾಟಿದ ಮೇಲೆ ಅನ್ನುತ್ತಿದ್ದರು. ನನಗೋ ಸಿಟ್ಟು ಮೂಗಿನ ಮೇಲೆ. ಬೆನ್ನ ಹಿಂದೆ ಮಾತಾಡುವವರನ್ನು ತಿರುಗಿ ನಿಂತು ಕೇಳಿಯೇ ಬಿಡುತ್ತಿದ್ದೆ: ಲೆಕ್ಕ ಸರಿಯಿದೆ, ಯಂತ್ರ ಸರಿಯಿದೆ, ಇನ್ನೇನು ಮಾಡಲಿ?

ಕಂಪನಿಯ ಕೆಲಸ ಕೇಳಲು ಸರಳ. ಬಂಗಾರ ತೆಗೆದು ತೆಗೆದು ಕರಡಿಗಣಿಯ ಗಣಿ ಎಂದೋ ಮುಚ್ಚಿಹೋಗಿತ್ತು. ಊರಿನ ಕೆಳಗೆ ಊರಿಗಿಂತ ದೊಡ್ಡದಾದ ಖಾಲಿ ಜಾಗ ಉಳಿದಿತ್ತು. ಈಗ ಹಗಲು ಬಿಸಿಲಿನಿಂದ ಬರುವ ವಿದ್ಯುತ್ತು ಬೇಕಾದ್ದಕ್ಕಿಂತ ಹೆಚ್ಚು. ಅದರಿಂದ ಪಂಪು ನಡೆಸಿ ಗಾಳಿಯನ್ನು ಒತ್ತಿ ಒತ್ತಿ ಗಣಿಯೊಳಗೆ ತುಂಬುವುದು, ಹೊತ್ತು ಮುಳುಗಿದೊಡನೆ ಆ ಗಾಳಿಯನ್ನು ಬಿಟ್ಟು ಟರ್ಬೈನು ತಿರುಗಿಸುವುದು. ಜಿಲ್ಲೆಯ ಅರ್ಧದಷ್ಟು ದೀಪಗಳು ಸಂಜೆ ನಮ್ಮ ಗಾಳಿಯಿಂದಲೇ ಉರಿಯುತ್ತಿದ್ದವು.

ಆದರೆ ಖಾಲಿ ಬಾಟಲಿಯ ಬಾಯಿಗೆ ಊದಿದರೆ ಅದು ಹೂಂ ಎನ್ನುತ್ತದೆ. ಗಣಿಯೂ ಒಂದು ಬಾಟಲಿಯೇ. ಪ್ರತಿಯೊಂದು ಪೊಳ್ಳಿಗೂ ಅದರದೇ ಆದ ಕೆಲವು ಸ್ವರಗಳಿರುತ್ತವೆ. ಗಾಳಿ ಬಿಡುವ ವೇಗ ಆ ಸ್ವರಗಳಲ್ಲೊಂದಕ್ಕೆ ಸರಿಯಾಗಿ ಕೂಡಿತೆಂದರೆ ಇಡೀ ಗಣಿ ದನಿಗೂಡಿಸುತ್ತದೆ. ಇಷ್ಟು ದೊಡ್ಡ ಬಾಟಲಿಯ ಸ್ವರ ಕಿವಿಗೆ ಸಿಗುವಷ್ಟು ಮೇಲಿನದಲ್ಲ. ಅದು ಹೊಟ್ಟೆಗೆ, ಎದೆಗೆ, ಕಲ್ಲಿಗೆ ತಿಳಿಯುವಂಥದ್ದು. ಬೆಳೆಯಲು ಬಿಟ್ಟರೆ ಬಂಡೆ ಬಿರಿಯುತ್ತದೆ. ಹಾಗಾಗಿ ಗಣಿಗೆ ಯಾವ ಯಾವ ಸ್ವರಗಳಿವೆ ಎಂದು ಮೊದಲೇ ಲೆಕ್ಕ ಹಾಕಬೇಕು. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಜಾಗ ನೋಡಿ ಗಾಳಿಯ ವೇಗವನ್ನು ಅಲ್ಲಿ ನಿಲ್ಲಿಸಬೇಕು. ಅದು ನನ್ನ ಕೆಲಸ.

ನಮ್ಮ ಲೆಕ್ಕಕ್ಕೆ ಕಂಟ್ರೋಲ್ ರೂಮಿನಲ್ಲಿ ಗೋಡೆಲೆಕ್ಕ ಎಂದು ಹೆಸರು. ಗಣಿಯೊಳಗಿನ ಗಾಳಿಯನ್ನೆಲ್ಲ ಇಂಚಿಂಚು ಅಳೆಯಬೇಕೆಂದರೆ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಗೋಡೆಲೆಕ್ಕಕ್ಕೆ ಅದು ಬೇಕಿಲ್ಲ. ಡ್ರೋನುಗಳು ಒಳಗೆ ಹಾರಿ ಗೋಡೆಯ ಆಕಾರವನ್ನು ಬರೆದುಕೊಂಡು ಬರುತ್ತವೆ. ನಾವು ಆ ಗೋಡೆಯನ್ನು ಕೌದಿಯ ಹಾಗೆ ಸಣ್ಣ ಸಣ್ಣ ತುಂಡುಗಳಾಗಿ ಜೋಡಿಸಿ, ಒಂದೊಂದು ತುಂಡೂ ಉಳಿದ ತುಂಡುಗಳಿಗೆ ಹೇಗೆ ಸದ್ದು ಕಳಿಸುತ್ತದೆ ಎಂದು ಸಮೀಕರಣ ಬರೆಯುತ್ತೇವೆ. ಯಾವ ಯಾವ ಸ್ವರದಲ್ಲಿ, ಹೊರಗಿನಿಂದ ಯಾರೂ ಊದದಿದ್ದರೂ, ಆ ಸದ್ದು ತನ್ನಷ್ಟಕ್ಕೆ ನಿಂತಿರಬಲ್ಲದೋ ಅವೇ ಗಣಿಯ ಸ್ವರಗಳು. ಗೋಡೆ ಗೊತ್ತಿದ್ದರೆ ಸಾಕು, ಒಳಗಿನದೆಲ್ಲ ಗೊತ್ತಾದಂತೆ. ಕಾಲೇಜಿನಲ್ಲಿ ಮೊದಲ ಸಲ ಇದನ್ನು ಓದಿದಾಗ ಎರಡು ದಿನ ನನಗೆ ಬೇರೆ ಏನೂ ತಲೆಗೆ ಹೋಗಿರಲಿಲ್ಲ.

ಈ ಲೆಕ್ಕಕ್ಕೆ ಒಂದು ಐಬಿದೆ. ಗೋಡೆಗೆ ಎರಡು ಮುಖ. ಯಾವ ಕಡೆ ಗಾಳಿ, ಯಾವ ಕಡೆ ಕಲ್ಲು ಎಂಬುದು ಅದಕ್ಕೆ ಪೂರ್ತಿ ಹಿಡಿತಕ್ಕೆ ಸಿಗುವುದಿಲ್ಲ. ಗಣಿಯ ಸೂರು ಬೀಳದಿರಲೆಂದು ಹಿಂದಿನವರು ಅಲ್ಲಲ್ಲಿ ಮನೆಯಷ್ಟು ದಪ್ಪದ ಬಂಡೆಗಳನ್ನು ಕೊರೆಯದೆ ಕಂಬಗಳಾಗಿ ಬಿಟ್ಟಿದ್ದರು. ಕಂಬದ ಸುತ್ತಲೂ ಗೋಡೆಯಿದೆಯಲ್ಲ, ಲೆಕ್ಕವು ಅದರ ಒಳಗೂ ಗಾಳಿಯಿರಬಹುದೆಂದು ಭ್ರಮಿಸುತ್ತದೆ. ಕಂಬ ಪೊಳ್ಳಾಗಿದ್ದರೆ ಯಾವ ಸ್ವರ ಹೊರಡುತ್ತಿತ್ತೋ ಅದನ್ನೂ ನಿಜವಾದ ಸ್ವರಗಳ ಸಾಲಿನಲ್ಲಿ ತಂದು ಕೂರಿಸುತ್ತದೆ. ಅವು ಸುಳ್ಳು ಸ್ವರಗಳು. ಗೋಡೆಲೆಕ್ಕ ಬಲ್ಲವರಿಗೆಲ್ಲ ಇದು ಗೊತ್ತು. ಕಂಬದ ಆಕಾರ ಗೊತ್ತಿರುವುದರಿಂದ ಸುಳ್ಳು ಸ್ವರ ಎಲ್ಲಿ ಬರುತ್ತದೆಂಬುದೂ ಮೊದಲೇ ಗೊತ್ತು. ನಾವೆಲ್ಲ ಸೇರಿ ಒಂದು ಜರಡಿ ಮಾಡಿದ್ದೆವು. ಕಂಬದ ಸ್ವರಗಳನ್ನೂ ಅವುಗಳ ಆಸುಪಾಸನ್ನೂ ಅದು ಸೋಸಿ ಆಚೆ ಎಸೆಯುತ್ತಿತ್ತು. ಕಲ್ಲಿನೊಳಗೆ ಸ್ವರ ಎಲ್ಲಿಂದ ಬರಬೇಕು?

ಆ ಬೇಸಿಗೆಯಲ್ಲಿ ಪಕ್ಕದ ಜಿಲ್ಲೆಯ ವಿದ್ಯುತ್ ಕೇಂದ್ರವೊಂದು ದುರಸ್ತಿಗೆಂದು ನಿಂತಿತು. ಸೋಮವಾರದಿಂದ ನಾವು ಇಮ್ಮಡಿ ಗಾಳಿ ಬಿಡಬೇಕೆಂದು ಮೇಲಿನಿಂದ ಆದೇಶ ಬಂತು. ಕಂಟ್ರೋಲ್ ರೂಮಿನ ಮುಖ್ಯಸ್ಥರು ನಾಡಗೌಡರು. ಲವಂಗ ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಮಾತಾಡುವ ಮನುಷ್ಯ. ಯಾರ ಮೇಲೂ ರೇಗಿದವರಲ್ಲ. ಇಮ್ಮಡಿ ಗಾಳಿಗೆ ಹೊಸ ವೇಗ ಹುಡುಕಿ ಕೊಡಿ ಎಂದು ನನಗೆ ಹೇಳಿದರು. ನಾನು ಸ್ವರಗಳ ಪಟ್ಟಿ ನೋಡಿದೆ. ಒಂದು ಕಡೆ ಒಳ್ಳೆಯ ಅಗಲವಾದ ಖಾಲಿ ಜಾಗ ಕಂಡಿತು. ಅಲ್ಲೇ ನಿಲ್ಲಿಸಬಹುದು ಎಂದು ಗುರುತು ಹಾಕಿ ಮನೆಗೆ ಬಂದೆ.

ಬಂದರೆ ತಳಮಳದ ಹೊತ್ತು. ಶಾಂಭವಿ ಹನುಮೇಶನ ಹೆಗಲ ಮೇಲೆ ಕಕ್ಕಿದ್ದಳು. ಅವನು ಅಂಗಿ ಬದಲಿಸುತ್ತ ನನ್ನ ಮೇಲೆ ಏನೋ ಗೊಣಗಿದ, ನಾನೂ ಏನೋ ಅಂದೆ. ಅತ್ತೆ ಕೂಸನ್ನು ಒರೆಸಲು ಅಗಲ ಬಾಯಿಯ ಹಿತ್ತಾಳೆ ಬೋಗುಣಿಯಲ್ಲಿ ನೀರು ತಂದಿಟ್ಟರು. ಜಗಳದ ನಡುವೆ ನನ್ನ ಕಣ್ಣು ಆ ನೀರಿನ ಮೇಲೆ ಬಿತ್ತು. ಯಾರೂ ಮುಟ್ಟದ ನೀರಿನ ಮೇಲೆ ಬಳೆಬಳೆಯಾಗಿ ಅಲೆ ಎದ್ದು, ಅಳಿಸಿ, ಮತ್ತೆ ಏಳುತ್ತಿತ್ತು. ಸುಮ್ಮನೆ ನಡುಗುವ ನೀರಲ್ಲ ಅದು, ತಾಳ ಹಿಡಿದ ನೀರು. ನಾನು ಜಗಳ ಅಲ್ಲಿಗೇ ಬಿಟ್ಟು ಮೊಬೈಲಿನಲ್ಲಿ ಚಿತ್ರ ಹಿಡಿದೆ, ಆಮೇಲೆ ನಿಧಾನಗತಿಯಲ್ಲಿ ಓಡಿಸಿ ಏಳುವ ಬೀಳುವ ಲೆಕ್ಕ ತೆಗೆದೆ. ತಾಳ ಸ್ಪಷ್ಟವಾಗಿತ್ತು. ನಮ್ಮ ಪಟ್ಟಿಯಲ್ಲಿ ಆ ಜಾಗದಲ್ಲಿ ಯಾವ ಸ್ವರವೂ ಇರಲಿಲ್ಲ. ಅದೇ, ನಾನು ಅಂದು ಗುರುತು ಹಾಕಿ ಬಂದ ಖಾಲಿ ಜಾಗ.

ಮರುದಿನ ಭಾನುವಾರ. ಕಂಟ್ರೋಲ್ ರೂಮಿನಲ್ಲಿ ನಾನೊಬ್ಬಳೇ ಕೂತೆ. ಗಣಿಯೊಳಗೆ ನಮ್ಮ ಮೈಕುಗಳಿವೆ. ಅವು ಕೇಳಿದ್ದು ತೆರೆಯ ಮೇಲೆ ಬರುತ್ತಲೇ ಇರುತ್ತದೆ. ಅಲ್ಲಿ ಎಂದೂ ಏನೂ ಕಂಡಿರಲಿಲ್ಲ. ತೆರೆಗೆ ಬರುವ ಮುಂಚಿನ, ಯಾರೂ ಕೈ ಹಚ್ಚದ ಹಸಿ ದಾಖಲೆಯನ್ನು ತೆಗೆದು ನೋಡಿದೆ. ನೀರು ಹಿಡಿದ ತಾಳವೇ ಅಲ್ಲಿ ತಲೆಯೆತ್ತಿ ನಿಂತಿತ್ತು. ಸಣ್ಣದೇನಲ್ಲ, ಉಳಿದೆಲ್ಲ ಸ್ವರಗಳಿಗಿಂತ ಎತ್ತರ. ಹಾಗಾದರೆ ತೆರೆಯ ಮೇಲೆ ಯಾಕೆ ಇಲ್ಲ? ದಾರಿ ಹಿಡಿದು ಹೋಗಿ ನೋಡಿದರೆ, ಲೆಕ್ಕಕ್ಕೆ ಹಾಕಿದ್ದ ಅದೇ ಜರಡಿಯನ್ನು ಯಾರೋ ಅಚ್ಚುಕಟ್ಟಿಗಾಗಿ ಮೈಕುಗಳಿಗೂ ಹಾಕಿಬಿಟ್ಟಿದ್ದರು. ಬಸವಣ್ಣನ ಕಂಬ ಎಂದು ಹಳೆಯ ನಕ್ಷೆಯಲ್ಲಿ ಹೆಸರಿದ್ದ ಒಂದು ಕಂಬದ ಸುಳ್ಳು ಸ್ವರ ಇದು, ಸುಳ್ಳಾದ್ದರಿಂದ ತೋರಿಸಬೇಕಾಗಿಲ್ಲ ಎಂದು ಯಂತ್ರ ಅದನ್ನು ದಿನವೂ ಅಳಿಸುತ್ತಿತ್ತು.

ಸುಳ್ಳು ಸ್ವರ ಕಾಗದದ ಮೇಲೆ ಬರಬಹುದು, ಸಮೀಕರಣದಲ್ಲಿ ಬರಬಹುದು. ಮೈಕಿಗೆ ಬರಕೂಡದು. ಬೋಗುಣಿಯ ನೀರಿಗೆ ಬರಕೂಡದು. ಸಮೀಕರಣದ ಭ್ರಮೆ ನನ್ನ ಕೂಸಿನ ಹೊಟ್ಟೆ ತೊಳಸುವುದಿಲ್ಲ. ಕೇಳಿಸುತ್ತಿದೆ ಎಂದರೆ ಅದು ನಿಜವಾದ ಸ್ವರ. ಸ್ವರ ನಿಜವಾದರೆ ಕಂಬದೊಳಗೆ ಗಾಳಿಯಿದೆ. ಕಂಬದೊಳಗೆ ಗಾಳಿಯಿದೆ ಎಂದರೆ, ಯಾವುದು ಘನವಾದ ಬಂಡೆ, ನಮ್ಮ ಸೂರು ಹೊತ್ತು ನಿಂತಿದೆ ಎಂದುಕೊಂಡಿದ್ದೆವೋ ಅದು ಮಡಕೆಯ ಹಾಗೆ ಪೊಳ್ಳು. ಆ ಕಂಬದ ಮೇಲೆ ಗಣಿಗಾರರಿಗೆಂದು ಕಟ್ಟಿದ ಕೂಲಿಲೈನಿನ ಮನೆಗಳಿವೆ, ನಮ್ಮದೂ ಅದರಲ್ಲೊಂದು. ಈಗಿನ ವೇಗ ಕಂಬದ ಸ್ವರದ ಅಂಚನ್ನು ಸವರುವುದಕ್ಕೇ ಊರು ಇಷ್ಟು ತಳಮಳಿಸುತ್ತಿದೆ. ನಾಳೆ ಸಂಜೆ ನಾವು ಇಮ್ಮಡಿ ಗಾಳಿಯನ್ನು ನೇರ ಅದರ ಸ್ವರಕ್ಕೇ ಇಟ್ಟು ಊದಲಿದ್ದೇವೆ. ಆ ವೇಗ ಆರಿಸಿದವಳೂ ನಾನೇ.

ನಾಡಗೌಡರಿಗೆ ಫೋನು ಮಾಡಿದೆ. ಪಾಪ, ಭಾನುವಾರದ ಊಟ ಬಿಟ್ಟು ಬಂದರು. ಎಲ್ಲವನ್ನೂ ಸಮಾಧಾನದಿಂದ ನೋಡಿದರು. ತಪ್ಪು ಹುಡುಕಿದ್ದಕ್ಕೆ ಶಹಬ್ಬಾಸ್ ಎಂದರು. ಆದರೆ ನಾನು ಹೇಳಿದ ತೀರ್ಮಾನ ಅವರಿಗೆ ಒಪ್ಪಿಗೆಯಾಗಲಿಲ್ಲ. ಮೈಕು ಕೆಟ್ಟಿರಬಹುದು, ಪಂಪಿನ ನಡುಕವಿರಬಹುದು, ಎರಡೂ ಒಂದೇ ಜಾಗದಲ್ಲಿ ಬಿದ್ದಿದ್ದು ಕಾಕತಾಳೀಯವಿರಬಹುದು. ಕಂಬ ಕೊರೆದು ನೋಡಬೇಕೆಂದರೆ ಗಾಳಿಯನ್ನೆಲ್ಲ ಖಾಲಿ ಮಾಡಬೇಕು, ಖಾಲಿ ಮಾಡಬೇಕೆಂದರೆ ಟರ್ಬೈನಿನ ಅದೇ ಬಾಯಿಂದಲೇ ಬಿಡಬೇಕು. ಹಳೆಯ ನಕ್ಷೆಯನ್ನು ತೆಗೆದು ನನ್ನ ಮುಂದಿಟ್ಟರು. ಬಸವಣ್ಣನ ಕಂಬ ಅದರಲ್ಲಿ ಕಪ್ಪಗೆ ತುಂಬಿಕೊಂಡಿತ್ತು.

"ವಾರಿಜಾ ಅವರ, ಬಂಡೆಗಲ್ಲು ತಾನಾಗೇ ಪೊಳ್ಳಾಗಂಗಿಲ್ಲ," ಎಂದರು. "ಪೊಳ್ಳಾಗಲಿಕ್ಕೆ ಒಂದ ಕಾರಣ ಹೇಳ್ರಿ. ಒಂದ ಸಾಕು. ಜಿಲ್ಲಾದಾಗ ಕತ್ತಲಾದ್ರೂ ಚಿಂತಿಲ್ಲ, ಗಾಳಿ ಬಿಡಂಗಿಲ್ಲ."

ಗೋಡೆ ಗೊತ್ತಿದ್ದರೆ ಒಳಗಿನದೆಲ್ಲ ಗೊತ್ತು ಎಂದು ಮೆರೆದವಳು, ಆ ಒಂದು ಕಾರಣ ಸಿಗದೆ ನಕ್ಷೆ ಮಡಚಿಟ್ಟು ಎದ್ದು ಬಂದೆ.

ಸೋಮವಾರ ಬೆಳಿಗ್ಗೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹನುಮೇಶನಿಗೆ ಎಲ್ಲ ಹೇಳಿ, ಕೂಸನ್ನೂ ಅತ್ತೆಯನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ, ನನ್ನ ತವರಿಗೆ ಹೋಗು ಎಂದೆ. ಅವನು ಬಸವಣ್ಣನ ಕಂಬ ಎಂಬ ಹೆಸರು ಕೇಳಿದವನೇ ತಲೆ ತಗ್ಗಿಸಿದ. ಅವ್ವನ ಕೇಳು ಎಂದಷ್ಟೇ ಹೇಳಿ ತಾನು ಓಡಿಸುವ ಸ್ಕೂಲ್ ವ್ಯಾನ್ ತೆಗೆದುಕೊಂಡು ಹೊರಟುಹೋದ. ಅವನು ಗಣಿಗಾರನ ಮಗ, ಕಷ್ಟದ ಮಾತು ಬಂದರೆ ಅವನಿಗೆ ಅವ್ವ ಇದ್ದೇ ಇದ್ದಾರೆ. ನನಗೆ ಮೈ ಉರಿದುಹೋಯಿತು.

ಅತ್ತೆ ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವರ ಮುಂದೆ ಕೂತು, ಸಮೀಕರಣ ಗಿಮೀಕರಣ ಎಲ್ಲ ಬಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಳಗಿನ ಕಂಬ ಪೊಳ್ಳಾಗಿದೆ ಎಂದು ನನ್ನ ಲೆಕ್ಕ ಹೇಳುತ್ತದೆ, ಸಾಹೇಬರು ನಂಬುವುದಿಲ್ಲ, ಸಂಜೆ ಗಾಳಿ ಬಿಟ್ಟರೆ ಈ ಲೈನು ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅವರು ಮೊರ ಬೀಸುವುದನ್ನು ನಿಲ್ಲಿಸಲಿಲ್ಲ. ನನಗೆ ತಡೆಯಲಾಗದೆ ಮೊರವನ್ನು ಕಿತ್ತುಕೊಂಡೆ. ಜೋಳವೆಲ್ಲ ಚೆಲ್ಲಿತು. ಅತ್ತೆಯ ಮುಂದೆ ಅಷ್ಟು ಜೋರಾಗಿ ನಾನು ಎಂದೂ ಮಾತಾಡಿದವಳಲ್ಲ. ನಿಮಗೆ ಏನು ಗೊತ್ತಿದೆಯೋ ಅದನ್ನು ಹೇಳಿ, ಮೊಮ್ಮಗಳ ಮೇಲೆ ಆಣೆ ಎಂದೆ.

ಅವರು ನನ್ನ ಮುಖವನ್ನಲ್ಲ, ನನ್ನ ಕೊರಳನ್ನು ನೋಡಿದರು.

"ಕಂಬ ಗಟ್ಟಿ ಅದ ಅಂತ ನಿಮ್ಮ ಸಾಹೇಬಗ ಯಾರು ಹೇಳ್ಯಾರ?" ಎಂದರು. "ಗಟ್ಟಿ ಇದ್ದರ ನಿನ್ನ ಕೊರಳಾಗಿನ ಗುಂಡು ಎಲ್ಲಿಂದ ಬಂತು ಅಂತಿ?"

ನನ್ನ ತಾಳಿಯ ಸರದಲ್ಲಿ ಒಂದು ಸಣ್ಣ ಬಂಗಾರದ ಗುಂಡಿದೆ. ಮದುವೆಯಲ್ಲಿ ಅತ್ತೆ ಪೋಣಿಸಿದ್ದು. ಲೈನಿನ ಹೆಂಗಸರ ಕೊರಳಲ್ಲೆಲ್ಲ ಅಂಥದೇ ಒಂದು ಗುಂಡಿರುತ್ತದೆ, ಅಂಗಡಿಯ ಬಂಗಾರಕ್ಕಿಂತ ಕೆಂಪು, ಒರಟು. ಗಣಿಯೂರಿನ ಪದ್ಧತಿ ಎಂದುಕೊಂಡಿದ್ದೆ. ಅದು ಪದ್ಧತಿಯೇ. ಗಣಿಗೆ ಬೀಗ ಬಿದ್ದ ಮೇಲೆ ಊರಿಗೆ ಬೇರೆ ಕೆಲಸ ಇರಲಿಲ್ಲವಂತೆ. ಒಳದಾರಿ ಬಲ್ಲ ಗಂಡಸರು ಇಳಿಯುತ್ತಲೇ ಇದ್ದರು. ಉಳಿದ ಬಂಗಾರ ಇದ್ದದ್ದು ಕಂಬಗಳಲ್ಲಿ ಮಾತ್ರ. ಹೊರಗಿನಿಂದ ಕೆತ್ತಿದರೆ ಕಾವಲಿನವರ ಕಣ್ಣಿಗೆ ಬೀಳುತ್ತದೆಂದು, ಬುಡದಲ್ಲಿ ಒಬ್ಬ ಮನುಷ್ಯ ತೂರುವಷ್ಟು ಕಂಡಿ ಮಾಡಿ, ಒಳಗೆ ಹೋಗಿ ಒಳಗಿನಿಂದಲೇ ತೋಡಿದರು. ಹೊರಡುವಾಗ ಕಂಡಿಗೆ ಕಲ್ಲು ಮಣ್ಣು ಮೆತ್ತಿ ಬರುತ್ತಿದ್ದರು. ನಮ್ಮ ಡ್ರೋನು ಆ ಮೆತ್ತಿದ ಮಣ್ಣನ್ನೂ ಗೋಡೆ ಎಂದೇ ಬರೆದುಕೊಂಡು ಬಂದಿತ್ತು. ತೆಗೆದ ಬಂಗಾರವನ್ನು ಮಾರುತ್ತಿದ್ದರು. ಆದರೆ ಮೊದಲ ಬಂಗಾರ ಮಾರಬಾರದು, ಅದು ಮನೆಗೆ ಬರುವ ಸೊಸೆಯ ತಾಳಿಗೆ. ಯಾರೂ ಅದರ ಹೆಸರೆತ್ತಬಾರದು, ಎತ್ತಿದರೆ ಕಳವು ಎಂದು ಪೊಲೀಸರು ಲೈನಿನ ಕೊರಳುಗಳನ್ನೆಲ್ಲ ಬರಿದು ಮಾಡಿಯಾರು.

ಒಂದು ಗುಂಡಿಗೆ ಎಷ್ಟು ಕಲ್ಲು ಪುಡಿಯಾಗಬೇಕು ಎಂದು ಕೇಳಿದೆ. ಗಾಡಿಗಟ್ಟಲೆ ಎಂದರು. ಮಾರಿದ ಬಂಗಾರಕ್ಕೆ ಎಷ್ಟು ಗಾಡಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇದನ್ನು ಸಾಹೇಬರಿಗೆ ಹೇಳಬೇಕು ಎಂದೆ. ಅತ್ತೆ ಒಪ್ಪಲಿಲ್ಲ. ಸತ್ತ ಗಂಡ ಕಳ್ಳ ಎನಿಸಿಕೊಳ್ಳಬೇಕೇ, ನೆರೆಮನೆಯ ಹೆಣ್ಣುಮಕ್ಕಳು ಠಾಣೆ ಮೆಟ್ಟಿಲು ಹತ್ತಬೇಕೇ ಎಂದರು. ಬದುಕಿದ್ದರೆ ತಾನೇ ಠಾಣೆ ಎಂದೆ ನಾನು. ಮಧ್ಯಾಹ್ನವೆಲ್ಲ ಹೀಗೇ ಎಳೆದಾಡಿದೆವು. ಅವರು ಒಳಗೆ ಹೋಗುವರು, ಹೊರಗೆ ಬರುವರು, ನೀರು ಕುಡಿಯುವರು, ಮತ್ತೆ ಒಳಗೆ ಹೋಗುವರು. ಕೊನೆಗೆ ಶಾಂಭವಿ ತೊಟ್ಟಿಲಲ್ಲಿ ಕೆಮ್ಮಿ, ಕುಡಿದದ್ದನ್ನು ಕಕ್ಕಿದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಹೊಸ ವೇಗ ಪರೀಕ್ಷಿಸಲು ಒಂದಿಷ್ಟು ಗಾಳಿ ಬಿಟ್ಟಿದ್ದರೆಂದು ಕಾಣುತ್ತದೆ. ಅತ್ತೆ ಕೂಸನ್ನು ಒರೆಸಿ ಪಕ್ಕದ ಮನೆಗೆ ಕೊಟ್ಟುಬಂದರು. ದೇವರ ಮುಂದಿನಿಂದ ಅರಿಶಿನದ ಕೊಂಬು ತಂದು ದಾರಕ್ಕೆ ಬಿಗಿದು ನನ್ನ ಕೊರಳಿಗೆ ಕಟ್ಟಿದರು. ಆಮೇಲೆ ತಾಳಿಯ ಸರ ಬಿಚ್ಚಿ ಗುಂಡನ್ನು ಜಾರಿಸಿಕೊಂಡು ತಮ್ಮ ಸೆರಗಿನ ತುದಿಗೆ ಗಂಟು ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು. ನಡಿ ಎಂದರು.

ಕಂಟ್ರೋಲ್ ರೂಮು ಇರುವುದು ಲೈನಿನ ತುದಿಯಲ್ಲಿ, ಗಣಿಯ ಹಳೆಯ ಇಂಜಿನ್ ಮನೆಯಲ್ಲಿ. ನಾವು ಹೋದಾಗ ಗಾಳಿ ಬಿಡಲು ಇನ್ನು ಸ್ವಲ್ಪವೇ ಹೊತ್ತಿತ್ತು. ನಾಡಗೌಡರು ತೆರೆಯ ಮುಂದೆ ನಿಂತಿದ್ದರು. ಕಾರಣ ತಂದಿದ್ದೇನೆ ಎಂದು ಹೇಳಿ, ಅತ್ತೆಯ ಸೆರಗಿನಿಂದ ಗುಂಡನ್ನು ಬಿಚ್ಚಿ ಅವರ ಮುಂದಿಟ್ಟೆ. ಕಥೆಯನ್ನು ನಾನೇ ಹೇಳಿದೆ. ಅತ್ತೆ, ಕುರ್ಚಿ ಕೊಟ್ಟರೂ ಕೂರದೆ, ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದರು. ನಾಡಗೌಡರು ಕಲ್ಲು ಪರೀಕ್ಷಿಸುವ ಕೈಯಂತ್ರ ತರಿಸಿದರು. ಗಣಿಯ ಕಂಬಗಳಿಂದ ಹಿಂದೆ ತೆಗೆದ ಕಲ್ಲಿನ ವಿವರವೂ ಅದರಲ್ಲಿತ್ತು. ಯಂತ್ರವನ್ನು ಗುಂಡಿನ ಮೇಲೆ ಹಿಡಿದರು. ಬಂಗಾರದ ಜೊತೆ ಬೆಳ್ಳಿ ಎಷ್ಟು, ಇನ್ನೇನು ಎಷ್ಟು ಎಂಬುದೆಲ್ಲ ಕಂಬದ ಕಲ್ಲಿಗೆ ಸರಿಯಾಗಿ ಹೊಂದಿತು. ಬೇರೆ ಯಾವ ಬಂಗಾರವೂ ಹಾಗಿರುವುದಿಲ್ಲ.

ಅವರು ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಹಿಂತಿರುಗಿಸಿದರು. ಇದು ಎಲ್ಲಿಯದೆಂದು ನಾನು ಯಾವ ಕಾಗದದಲ್ಲೂ ಬರೆಯುವುದಿಲ್ಲ ಎಂದು ಮಾತು ಕೊಟ್ಟರು. ನನ್ನ ಕಡೆ ತಿರುಗಿ, ಬಸವಣ್ಣನ ಕಂಬದ ಸ್ವರವನ್ನು ಜರಡಿಯಿಂದ ತೆಗೆದು ನಿಜದ ಪಟ್ಟಿಗೆ ಸೇರಿಸಿ ಎಂದರು. ಸೇರಿಸಿದೆ. ನನ್ನ ಹಳೆಯ ಖಾಲಿ ಜಾಗದ ನಡುವೆ ಒಂದು ಕೆಂಪು ಗೆರೆ ಎದ್ದಿತು. ಅದರಿಂದ ದೂರದಲ್ಲಿ ಇನ್ನೊಂದು ಖಾಲಿ ಜಾಗ ಕಂಡಿತು, ಅಲ್ಲಿ ಯಾವ ಗೆರೆಯೂ ಇಲ್ಲ. ವೇಗವನ್ನು ಅಲ್ಲಿಗೆ ಇಡೋಣ, ಇವತ್ತಿನ ಸಂಜೆ ದಾಟಲಿ, ನಾಳೆಯಿಂದ ಆ ಕಂಬದ ಮೇಲಿನ ಮನೆಗಳನ್ನು ಖಾಲಿ ಮಾಡಿಸೋಣ ಎಂದರು. ಎರಡು ದಿನದ ನಂತರ ಮೊದಲ ಸಲ ಕುರ್ಚಿಗೆ ಬೆನ್ನು ತಾಗಿಸಿ ಕೂತೆ.

"ಬಸವಣ್ಣನ ಕಂಬದ್ದು ಯಾಕ ಆಗ್ತದ?" ಎಂದರು ಅತ್ತೆ ಬಾಗಿಲಿನಿಂದ. "ಇದು ದರ್ಗಾ ಕಂಬದ್ದು."

ನಾಡಗೌಡರು ನನ್ನನ್ನು ನೋಡಿದರು. ಯಾವ ಕಂಬ ಎಂದು ಕೇಳುವುದು ನನಗೆ ಹೊಳೆದೇ ಇರಲಿಲ್ಲ. ನಾನು ತಡವರಿಸಿ ಜರಡಿಯಲ್ಲಿ ದರ್ಗಾ ಕಂಬ ಹುಡುಕಿ ಅದರ ಸ್ವರವನ್ನೂ ನಿಜದ ಪಟ್ಟಿಗೆ ತಂದೆ. ಕೆಂಪು ಗೆರೆ ಬಂದು ಹೊಸ ಖಾಲಿ ಜಾಗದ ಅಂಚಿಗೆ ನಿಂತಿತು.

ಬಸವಣ್ಣನ ಕಂಬ ಮತ್ತೆ ಯಾರದು ಎಂದು ನಾಡಗೌಡರು ಮೆಲ್ಲಗೆ ಕೇಳಿದರು. ಅದು ನಮ್ಮ ಲೈನಿನ ಲಚಮವ್ವನ ಮನೆಯವರದಂತೆ. ಒಂದು ಮನೆಯ ಕಂಬಕ್ಕೆ ಇನ್ನೊಂದು ಮನೆಯವರು ಕೈ ಹಚ್ಚುತ್ತಿರಲಿಲ್ಲ, ಆ ಮಟ್ಟಿಗೆ ಲೈನಿನಲ್ಲಿ ಎಲ್ಲರೂ ನೀತಿವಂತರು ಎಂದು ಅತ್ತೆ ಹೇಳಿದರು. ಜೋಡಿ ಕಂಬ ಎರಡು ಅಣ್ಣತಮ್ಮಂದಿರ ಮನೆಗಳದು. ಹುಣಸಿ ಕಂಬ ಪಿಂಜಾರರದು. ದೊಡ್ಡ ಕಂಬವನ್ನು ಇಬ್ಬರು ಬೀಗರು ಸೇರಿ ತೋಡಿದ್ದರು. ಅವರು ಹೆಸರು ಹೇಳುತ್ತಾ ಹೋದಂತೆ ನಾನು ಒಂದೊಂದಾಗಿ ಜರಡಿಯಿಂದ ಬಿಡಿಸುತ್ತಾ ಹೋದೆ.

"ಯವ್ವಾ, ಒಂದರ ಗಟ್ಟಿ ಕಂಬ ಉಳದದೇನು?" ಎಂದರು ನಾಡಗೌಡರು.

"ಮದುವಿ ಆಗದ ಮನಿ ಯಾವುದರ ಇದ್ದರ ಹೇಳ್ರಿ ಸಾಹೇಬರ."

ನಾಡಗೌಡರು ಲವಂಗ ಉಗುಳಿ, ಜರಡಿಯನ್ನೇ ಪೂರ್ತಿ ತೆಗೆದುಬಿಡಿ ಎಂದು ನನಗೆ ಹೇಳಿದರು. ತೆಗೆದೆ. ತೆರೆಯ ಈ ತುದಿಯಿಂದ ಆ ತುದಿಯವರೆಗೂ ಕೆಂಪು ಗೆರೆಗಳು ಒತ್ತೊತ್ತಾಗಿ ಎದ್ದು ನಿಂತವು. ವೇಗವನ್ನು ಇಡಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಎಲ್ಲಿ ಊದಿದರೂ ಯಾವುದೋ ಒಂದು ಕಂಬ ದನಿಗೂಡಿಸುತ್ತದೆ.

ಅವರು ಜಿಲ್ಲೆಯ ಕಚೇರಿಗೆ ಫೋನು ಮಾಡಿ, ಕರಡಿಗಣಿಯಿಂದ ಇವತ್ತು ವಿದ್ಯುತ್ತು ಇಲ್ಲ, ನಾಳೆಯೂ ಇಲ್ಲ ಎಂದರು. ಆಚೆಯವರು ಕೂಗಾಡುವುದು ನನಗೂ ಕೇಳುತ್ತಿತ್ತು. ಅವರು ಫೋನಿಟ್ಟು ತಮ್ಮ ಕೈಯಿಂದಲೇ ದೊಡ್ಡ ಕವಾಟವನ್ನು ಬಂದ್ ಮಾಡಿ ಬೀಗದ ಕೈ ಜೇಬಿಗೆ ಹಾಕಿಕೊಂಡರು. ಒಳಗೆ ತುಂಬಿದ ಗಾಳಿಯ ಒತ್ತಡವೇ ಈಗ ಸೂರು ಹಿಡಿದಿದೆ, ಅದನ್ನು ಅಲುಗಿಸದೆ ಇಟ್ಟುಕೊಂಡು ಮೊದಲು ಲೈನು ಖಾಲಿ ಮಾಡಿಸಬೇಕು ಎಂದರು. ಕಿಟಕಿಯಾಚೆ ದೂರದ ಊರುಗಳ ದೀಪಗಳು ಸಾಲುಸಾಲಾಗಿ ಆರಿದವು. ಹನುಮೇಶನಿಗೆ ಫೋನು ಮಾಡಿ ವ್ಯಾನು ತಾ, ಕೂಸನ್ನು ಎತ್ತಿಕೋ ಎಂದೆ. ಈ ಸಲ ಅವನು ಏನೂ ಕೇಳಲಿಲ್ಲ.

ನಾಡಗೌಡರು ಬೆವರು ಒರೆಸಿಕೊಳ್ಳುತ್ತ ನಿಂತವರು, ಏನೋ ನೆನಪಾದಂತೆ ಇಂಜಿನ್ ಮನೆಯ ಹಳೆಯ ಕಲ್ಲಿನ ನೆಲವನ್ನು ನೋಡಿದರು.

"ಯವ್ವಾ," ಎಂದರು, "ನಮ್ಮ ಕಾಲ ಕೆಳಗಿರೋದು ಯಾರ ಮನಿ ಕಂಬ?"

ಅತ್ತೆ ಆಗಲೇ ಹೊಸ್ತಿಲು ದಾಟಿ, ನನ್ನ ಕೈ ಹಿಡಿದು ಎಳೆಯುತ್ತಿದ್ದರು.

"ಮೊದಲ ಎಲ್ಲಾರೂ ಹೊರಗ ಬರ್ರಿ," ಎಂದರು. "ಆಮ್ಯಾಲ ಹೇಳ್ತೀನಿ."